1912ರ ಕಾರ್ಲೈಲ್ ತಂಡ: ಐಸೆನ್‌ಹೋವರ್ ಮೊಣಕಾಲು ಮುರಿದಿದ್ದು ನಿಜವಾಗ್ಲೂ ಜಿಮ್ ಥೋರ್ಪಾ?

ಬಸವನಗುಡಿ_ಬ್ಯಾಕ್‌ಬೆಂಚ್
ನಮಸ್ಕಾರ. ನಮ್ಮ ಆಫೀಸ್ ವಾಟ್ಸಾಪ್ ಗುಂಪಲ್ಲಿ ಒಂದು ವಿಡಿಯೋ ಓಡಾಡ್ತಾ ಇದೆ. ಅಮೆರಿಕದ ಮೂಲನಿವಾಸಿ ಹುಡುಗರ ಒಂದು ಫುಟ್‌ಬಾಲ್ ತಂಡ, ಹೆಸರು ಕಾರ್ಲೈಲ್, 1912ರ ನವೆಂಬರ್ 9ರಂದು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಗೇ ಹೋಗಿ ಸೇನೆಯ ಕೆಡೆಟ್‌ಗಳನ್ನ 27-6ರಲ್ಲಿ ಸೋಲಿಸಿ ಬಂತಂತೆ. ಆ ತಂಡದ ಜಿಮ್ ಥೋರ್ಪ್ ಒಬ್ಬನೇ ಎಲ್ಲಾ ಅಂಕ ಹೊಡೆದನಂತೆ. ಅವನನ್ನ ಹಿಡಿಯೋಕೆ ಹೋದ ಐಸೆನ್‌ಹೋವರ್, ಮುಂದೆ ಅಧ್ಯಕ್ಷ ಆದ್ರಲ್ಲ ಅವರೇ, ಮೊಣಕಾಲು ಮುರ್ಕೊಂಡು ಆಟಾನೇ ಬಿಟ್ಟರಂತೆ. ಕೊನೇಲಿ ‘ವೂಂಡೆಡ್ ನೀ ಹತ್ಯಾಕಾಂಡಕ್ಕೆ ಸೇಡು’ ಅಂತ ದಪ್ಪಕ್ಷರ (ಅಮೆರಿಕದ ಸೇನೆ ಲಕೋಟಾ ಬುಡಕಟ್ಟಿನವರನ್ನ ಕೊಂದ ಘಟನೆ ಅದು), ಹಿಂದೆ ನಗಾರಿ ಸದ್ದು.

ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಆ ವರ್ಷದ ಕಾರ್ಲೈಲನ್ನ ಆ ಕಾಲದ ಅತ್ಯುತ್ತಮ ಕಾಲೇಜು ತಂಡ ಅನ್ನಬಹುದಾ? ಇಲ್ಲಿ ಅಮೆರಿಕದಲ್ಲಿರೋರು ಇದ್ದೀರಿ, ಇತಿಹಾಸದ ಹುಳುಗಳೂ ಇದ್ದೀರಿ. ಹೇಳಿ.

ಕುಂದಾಪ್ರ_ಮಾಣಿ
ಫುಟ್‌ಬಾಲ್ ಅಂತ ಕಂಡ್ ಓಡಿ ಬಂದೆ ಮಾರಾಯ್ರೆ. ಇದ್ ಆ ಉದ್ದ ಚೆಂಡ್ ಹಿಡ್ಕಂಡ್ ಓಡು ಆಟ ಅಲ್ದಾ?

ಬಸವನಗುಡಿ_ಬ್ಯಾಕ್‌ಬೆಂಚ್
ಅದೇ ಮಾಣಿ. ಬಂದಾಯ್ತಲ್ಲ, ಕೂತ್ಕೋ.

ಲೈಬ್ರರಿ_ಲಿಂಗರಾಜ
ಮೊದಲು ಮೊಣಕಾಲಿನ ವಿಷಯ ಮುಗಿಸೋಣ. ಕಾರ್ಲೈಲ್ ಪಂದ್ಯದಲ್ಲಿ ಐಸೆನ್‌ಹೋವರ್ ಆಡಿದ್ದು ನಿಜ. ಥೋರ್ಪ್ ಮೇಲೆ ಅವರೂ ಇನ್ನೊಬ್ಬ ಆರ್ಮಿ ಆಟಗಾರನೂ ಸೇರಿ ಬಿದ್ದು ಅವನನ್ನ ಮೈದಾನದಿಂದ ಹೊರಗೆ ಕಳಿಸ್ಬೇಕು ಅಂತ ಲೆಕ್ಕ ಹಾಕಿದ್ದೂ ನಿಜ. ಒಂದು ಸಲ ಜೋರಾಗೇ ಬಿದ್ದರು, ಥೋರ್ಪ್ ಎದ್ದು ಮೈ ಕೊಡವಿ ಮತ್ತೆ ಆಡಿದ. ಇನ್ನೊಂದು ಸಲ ಇಬ್ಬರೂ ನುಗ್ಗಿದಾಗ ಅವನು ಗಕ್ಕನೆ ನಿಂತುಬಿಟ್ಟ, ಇವರಿಬ್ಬರೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ಮೊಣಕಾಲು ಹೋಗಿದ್ದು ಮಾತ್ರ ಮುಂದಿನ ವಾರ, ಟಫ್ಟ್ಸ್ ವಿರುದ್ಧದ ಪಂದ್ಯದಲ್ಲಿ. ಅದು ಪೂರ್ತಿ ವಾಸಿಯಾಗೋ ಮೊದಲೇ ಕುದುರೆ ಸವಾರಿ ಅಭ್ಯಾಸದಲ್ಲಿ ಕೆಳಗೆ ಹಾರಿದಾಗ ಮತ್ತೆ ಪೆಟ್ಟಾಯ್ತು. ಅವರ ಆಟ ಮುಗಿದಿದ್ದು ಹಾಗೆ.

ಥೋರ್ಪ್ ಒಬ್ಬನೇ ಎಲ್ಲಾ ಹೊಡೆದ ಅನ್ನೋದೂ ತಪ್ಪು. ಅವತ್ತು ಕಾರ್ಲೈಲ್ ಹೊಡೆದ ನಾಲ್ಕು ಟಚ್‌ಡೌನ್‌ಗಳಲ್ಲಿ (ಚೆಂಡನ್ನ ಎದುರಾಳಿಯ ಗೋಲಿನ ಗೆರೆ ದಾಟಿಸೋದು) ಮೂರು ಅಲೆಕ್ಸ್ ಅರ್ಕಾಸಾದು, ಒಂದು ಜೋ ಬರ್ಗಿದು. ಥೋರ್ಪ್ ಚೆಂಡು ಹಿಡಿದು ಓಡಿ ಓಡಿ ಗೆರೆ ಹತ್ತಿರ ತಂದಿಟ್ಟ, ಎದುರಾಳಿಗಳೆಲ್ಲ ಅವನ ಹಿಂದೆ ಬಿದ್ದಾಗ ಉಳಿದವರಿಗೆ ದಾರಿ ಸಿಕ್ಕಿತು. ಮೊದಲು ಅಂಕ ಗಳಿಸಿದ್ದು ಆರ್ಮಿನೇ. 6-0 ಹಿಂದಿದ್ದ ತಂಡ ಗೆದ್ದು ಬಂದಿದ್ದು.

ಹುಬ್ಬಳ್ಳಿ_ಹಾಫ್‌ಬ್ಯಾಕ್
ಲಿಂಗರಾಜ ಸರ್, ನೀವು ಬಂದ್ರ ಮುಗೀತ್ರಿ. ಕಥಿ ಒಳಗಿನ ಜೀವಾನ ತಗದ ಬಿಡ್ತೀರಿ.

ಲೈಬ್ರರಿ_ಲಿಂಗರಾಜ
ಮೂರು ಟಚ್‌ಡೌನ್ ಹೊಡೆದ ಅರ್ಕಾಸಾ ಹೆಸರೇ ವಿಡಿಯೋದಲ್ಲಿ ಇಲ್ಲ. ಜೀವ ತೆಗೆದಿದ್ದು ನಾನಾ, ಅವರಾ?

ಸ್ಕೋರ್‌ಕಾರ್ಡ್_ಸೀನ
ಇಡೀ ಸೀಸನ್ ಲೆಕ್ಕ ಹಾಕ್ತೀನಿ, ಆಮೇಲೆ ಜಗಳ ಆಡಿ. ಒಟ್ಟು 14 ಪಂದ್ಯ, 12 ಗೆಲುವು, 1 ಸೋಲು, 1 ಸಮ. ಹೊಡೆದದ್ದು 504, ಬಿಟ್ಟುಕೊಟ್ಟದ್ದು 114. ಆ ವರ್ಷ ದೇಶದಲ್ಲಿ ಅಷ್ಟು ಅಂಕ ಹೊಡೆದ ತಂಡ ಇನ್ನೊಂದಿಲ್ಲ.

ಶುರುವಿನ ನಾಲ್ಕು ಪಂದ್ಯ ಕೈಕಾಲು ಬಿಸಿ ಮಾಡ್ಕೊಳ್ಳೋಕೆ: ಆಲ್‌ಬ್ರೈಟ್ 50-7, ಲೆಬನಾನ್ ವ್ಯಾಲಿ 45-0, ಅದೇ ಕಾರ್ಲೈಲ್ ಊರಿನ ಡಿಕಿನ್ಸನ್ ಕಾಲೇಜು 34-0, ವಿಲ್ಲನೋವಾ 65-0. ಐದನೇ ಪಂದ್ಯ ವಾಷಿಂಗ್ಟನ್ ಆ್ಯಂಡ್ ಜೆಫರ್ಸನ್ ಅನ್ನೋ ಸಣ್ಣ ಕಾಲೇಜಿನ ಜೊತೆ, 0-0. ಸಿಟ್ಟೆಲ್ಲ ಸಿರಾಕ್ಯೂಸ್ ಮೇಲೆ ತೀರಿಸಿಕೊಂಡ್ರು, 33-0. ಹಿಂದಿನ ವರ್ಷ ಇದೇ ಸಿರಾಕ್ಯೂಸ್ 12-11ರಲ್ಲಿ ಇವರನ್ನ ಸೋಲಿಸಿತ್ತು, 1911ರಲ್ಲಿ ಅದೊಂದೇ ಸೋಲು. ಆಮೇಲೆ ಪಿಟ್ಸ್‌ಬರ್ಗ್ 45-8, ಜಾರ್ಜ್‌ಟೌನ್ 34-20, ಗಡಿ ದಾಟಿ ಟೊರಾಂಟೊ 49-1, ಲೀಹೈ 34-14, ಆರ್ಮಿ 27-6. ಆರ್ಮಿಯನ್ನ ಸೋಲಿಸಿದ ಮುಂದಿನ ಶನಿವಾರವೇ ಫಿಲಡೆಲ್ಫಿಯಾದಲ್ಲಿ ಪೆನ್ (ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ) ವಿರುದ್ಧ 26-34 ಸೋಲು. ಆಮೇಲೆ ಸ್ಪ್ರಿಂಗ್‌ಫೀಲ್ಡ್ 30-24, ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ದಿನ ಹಿಮದಲ್ಲಿ ಬ್ರೌನ್ 32-0.

ಥೋರ್ಪ್ ಲೆಕ್ಕ ಹೆಚ್ಚಿನ ಕಡೆ 25 ಟಚ್‌ಡೌನ್, 198 ಅಂಕ ಅಂತಿರುತ್ತೆ. ಇನ್ನೂ ಜಾಸ್ತಿ ಅನ್ನೋರೂ ಇದ್ದಾರೆ.

ಮೈಸೂರ್_ಪಾಕ್_ಪ್ರೇಮಿ
ಟೊರಾಂಟೊ 49-1? ಒಂದು ಅಂಕ ಎಲ್ಲಿಂದ ಬಂತು ಸ್ವಾಮಿ?

ಸ್ಕೋರ್‌ಕಾರ್ಡ್_ಸೀನ
ಕೆನಡಾದ ಆಟದಲ್ಲಿ ಒಂಟಿ ಅಂಕ ಇದೆ. ನೀವು ಒದ್ದ ಚೆಂಡು ಎದುರಾಳಿಯ ಗೋಲಿನ ಜಾಗಕ್ಕೆ ಹೋಗಿ, ಅವರು ಅಲ್ಲಿಂದ ಹೊರಗೆ ತರೋಕೆ ಆಗದಿದ್ರೆ ನಿಮಗೆ ಒಂದು. ಇವತ್ತಿಗೂ ಇದೆ.

ಪಿಟಿ_ಮೇಷ್ಟ್ರು
ನಿವೃತ್ತ ದೈಹಿಕ ಶಿಕ್ಷಕ ನಾನು. ಹುಡುಗರೇ, 1912ರ ಅಂಕಗಳನ್ನ ನೋಡುವಾಗ ಆ ವರ್ಷ ನಿಯಮ ಬದಲಾಗಿದ್ದನ್ನ ಮರೆತರೆ ಲೆಕ್ಕ ತಪ್ಪುತ್ತೆ. ಟಚ್‌ಡೌನಿಗೆ 5 ಇದ್ದದ್ದು 6 ಆಯ್ತು. ಮೈದಾನ 110 ಗಜದಿಂದ 100ಕ್ಕೆ ಇಳೀತು. ಹತ್ತು ಗಜ ಮುಂದೆ ಹೋಗೋಕೆ ಮೂರು ಅವಕಾಶ ಇತ್ತು, ನಾಲ್ಕು ಕೊಟ್ಟರು. ಚೆಂಡನ್ನ ಮುಂದಕ್ಕೆ ಎಸೆಯೋಕೆ 20 ಗಜದ ಮಿತಿ ಇತ್ತು, ಅದನ್ನ ತೆಗೆದರು. ವೇಗದ ತಂಡಕ್ಕೆ ಹಬ್ಬ.

ಅದಕ್ಕೆ ಹಿಂದಿನ ಕಥೆಯೂ ಇದೆ. 1905ರ ಒಂದೇ ಸೀಸನ್ನಿನಲ್ಲಿ 18 ಜನ ಆಟಗಾರರು ಸತ್ತರು ಅಂತ ಷಿಕಾಗೋ ಪತ್ರಿಕೆ ಪಟ್ಟಿ ಹಾಕಿತ್ತು. ಕೈಕೈ ಹಿಡಿದು ಗುಂಪಾಗಿ ನುಗ್ಗೋದೇ ಆಟ ಆಗಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನಿನವರನ್ನ ಶ್ವೇತಭವನಕ್ಕೆ ಕರೆಸಿ ಆಟ ಸರಿ ಮಾಡಿ ಅಂದರು. 1906ರಲ್ಲಿ ಮುಂದಕ್ಕೆ ಎಸೆಯಬಹುದು ಅಂತಾಯ್ತು. ದೊಡ್ಡ ಕಾಲೇಜುಗಳು ‘ಇದು ಗಂಡಸರ ಆಟ ಅಲ್ಲ’ ಅಂತ ಮೂಗು ಮುರಿದವು. ಕಾರ್ಲೈಲ್‌ನವರು 1907ರಲ್ಲೇ ಎಸೆದು ಎಸೆದು ಪೆನ್ನನ್ನ 26-6ರಲ್ಲಿ ಮುಗಿಸಿದರು. ಮೈತೂಕ ಕಡಿಮೆ ಇದ್ದವರು ಬುದ್ಧಿ ಓಡಿಸಲೇಬೇಕು.

ಹುಬ್ಬಳ್ಳಿ_ಹಾಫ್‌ಬ್ಯಾಕ್
ಮೇಷ್ಟ್ರ, ಭಾಳ ಚಲೋ ಹೇಳಿದ್ರಿ. ಆರ್ಮಿ ಮ್ಯಾಚಿನ್ಯಾಗ ಕಾರ್ಲೈಲ್ ಕೋಚು ಪಾಪ್ ವಾರ್ನರ್ ಡಬಲ್ ವಿಂಗ್ ಅಂತ ಹೊಸಾ ವ್ಯೂಹ ತಂದಿದ್ದ. ನಮ್ಮ ಕಬಡ್ಡಿ ಒಳಗ ಎರಡೂ ಮೂಲಿಯಿಂದ ಚೈನ್ ಕಟಿಗೊಂಡು ಒಮ್ಮೆಲೇ ಒಳಗ ಬಂದ್ರ ರೇಡರ್‌ಗೆ ಯಾವ ಕಡೆ ನೋಡ್ಬೇಕು ತಿಳಿಯೂದಿಲ್ಲ ನೋಡ್ರಿ, ಹಂಗ. ಎರಡೂ ಅಂಚಿನ್ಯಾಗ ಒಬ್ಬೊಬ್ಬ ನಿಂತಿರ್ತಾನ, ಚೆಂಡು ಯಾರ ಕೈಯಾಗ ಬರ್ತದ, ಓಡ್ತಾನೋ ಒಗಿತಾನೋ ಗೊತ್ತಾಗೂದಿಲ್ಲ. ಆರ್ಮಿ ಹುಡುಗ್ರು ಮೈಯಾಗ ದೊಡ್ಡವರು, ಸುಮ್ನ ತಿರುಗಿ ತಿರುಗಿ ಬಿದ್ರು.

ಅಂದಮ್ಯಾಲ ನಂದು ಒಂದ ಮಾತು: 1912ರ ಕಾರ್ಲೈಲ್ ನಂಬರ್ ಒನ್. ಚರ್ಚಾ ಖಲಾಸ್.

ಸ್ಕೋರ್‌ಕಾರ್ಡ್_ಸೀನ
ಖಲಾಸ್ ಆಗಲ್ಲ ಅಣ್ಣ. ಆ ವರ್ಷ ಹಾರ್ವರ್ಡ್ 9ಕ್ಕೆ 9 ಗೆದ್ದಿದೆ. ಪೆನ್ ಸ್ಟೇಟ್ 8ಕ್ಕೆ 8. ಕಾರ್ಲೈಲ್ ಒಂದು ಸೋತು, ಒಂದು ಸಮ ಮಾಡ್ಕೊಂಡು ಹೇಗೆ ನಂಬರ್ ಒನ್?

ಹುಬ್ಬಳ್ಳಿ_ಹಾಫ್‌ಬ್ಯಾಕ್
ಹಾರ್ವರ್ಡ್ ಎಷ್ಟು ಮ್ಯಾಚ್ ತನ್ನ ಮನಿ ಮುಂದ ಆಡ್ತು, ಅದನ್ನೂ ಹೇಳ್ರಿ! ಇವರು ರೈಲಿನ್ಯಾಗ ಮಲಕೊಂಡು, ರೈಲಿನ್ಯಾಗ ಎದ್ದು ಆಡ್ಯಾರ. ಮತ್ತ ಹಿಂದಿನ ವರ್ಷ ಅದ ಹಾರ್ವರ್ಡ್ ಊರಿಗೆ ಹೋಗಿ 18-15 ಹೊಡದ ಬಂದಾರ. ಥೋರ್ಪ್ ಕಾಲಿಗೆ ಪಟ್ಟಿ ಸುತ್ತಿಗೊಂಡು ನಾಲ್ಕು ಫೀಲ್ಡ್ ಗೋಲ್ (ಚೆಂಡು ಒದ್ದು ಕಂಬದ ನಡುವ ದಾಟಿಸೂದು) ಒದ್ದಾನ.

ಸ್ಕೋರ್‌ಕಾರ್ಡ್_ಸೀನ
ಅದು 1911. ನಾವು ಮಾತಾಡ್ತಿರೋದು 1912. ಹಳೇ ಮಾರ್ಕ್ಸ್ ಕಾರ್ಡ್ ತೋರಿಸ್ಬೇಡಿ.

ಲೈಬ್ರರಿ_ಲಿಂಗರಾಜ
ರೈಲಿನ ಮಾತು ಸುಳ್ಳಲ್ಲ. ಶುರುವಿನ ಕೆಲವು ಪಂದ್ಯ ಬಿಟ್ಟರೆ ಕಾರ್ಲೈಲ್ ಯಾವಾಗಲೂ ಪರಸ್ಥಳದ ತಂಡ. ಅದು ಹಣದ ಲೆಕ್ಕ. ಕಾರ್ಲೈಲ್ ಸಣ್ಣ ಊರು, ಅಲ್ಲಿ ಆಡಿದರೆ ಟಿಕೆಟ್ ಯಾರು ಕೊಳ್ತಾರೆ? ದೊಡ್ಡ ಊರುಗಳಲ್ಲಿ ‘ಇಂಡಿಯನ್ನರು ಬರ್ತಾರೆ’ (ಅಮೆರಿಕದ ಮೂಲನಿವಾಸಿಗಳನ್ನ ಹಾಗೇ ಕರೀತಿದ್ದರು) ಅಂದ್ರೆ ಜನ ಮುಗಿಬೀಳ್ತಿದ್ದರು, ಗೇಟ್ ಹಣದಲ್ಲಿ ಪಾಲು. ಆ ದುಡ್ಡು ಎಲ್ಲಿಗೆ ಹೋಯ್ತು ಅನ್ನೋದು ಇನ್ನೊಂದು ದೊಡ್ಡ ಕಥೆ.

ಮಲೆನಾಡ್_ಮೇಡಂ
ಇಷ್ಟು ಹೊತ್ತು ಎಲ್ಲರೂ ಅಂಕ ಎಣಿಸಿದಿರಿ. ಅದು ಎಂಥಾ ಶಾಲೆ ಅಂತ ಯಾರೂ ಕೇಳಲಿಲ್ಲವಲ್ಲ?

ಮೊದಲಿಗೆ, ಕಾರ್ಲೈಲ್ ಕಾಲೇಜೇ ಅಲ್ಲ. ಪೆನ್ಸಿಲ್ವೇನಿಯಾದ ಹಳೇ ಸೈನಿಕ ಬ್ಯಾರಕ್‌ನಲ್ಲಿ 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ ಶುರು ಮಾಡಿದ ಸರ್ಕಾರಿ ವಸತಿ ಶಾಲೆ. ಅರ್ಧ ದಿನ ಪಾಠ, ಅರ್ಧ ದಿನ ಕೆಲಸ: ಬಡಗಿ, ಕಮ್ಮಾರ, ದರ್ಜಿ, ಹೆಣ್ಣುಮಕ್ಕಳಿಗೆ ಬಟ್ಟೆ ಒಗೆಯುವುದು, ಹೊಲಿಯುವುದು. ರಜೆಯಲ್ಲಿ ಮನೆಗೆ ಕಳಿಸುವ ಬದಲು ಬಿಳಿಯರ ಹೊಲಮನೆಗಳಿಗೆ ದುಡಿಯಲು ಕಳಿಸುತ್ತಿದ್ದರು. ಬಂದ ದಿನವೇ ಕೂದಲು ಕತ್ತರಿಸಿ, ಸಮವಸ್ತ್ರ ಹಾಕಿಸಿ, ಮನೆಮಾತು ಆಡಬಾರದು ಅಂತ ಕಟ್ಟಪ್ಪಣೆ. ಪ್ರ್ಯಾಟ್‌ನ ಘೋಷಣೆಯೇ ಇತ್ತು: ಒಳಗಿನ ಇಂಡಿಯನ್ನನ್ನು ಕೊಲ್ಲಿ, ಮನುಷ್ಯನನ್ನು ಉಳಿಸಿ. ಶಾಲೆಗೆ ಮೊದಲ ಗುಂಪಿನಲ್ಲಿ ಬಂದ ಲಕೋಟಾ ಹುಡುಗ ಒಬ್ಬನಿಗೆ ಕಪ್ಪು ಹಲಗೆಯ ಮೇಲೆ ಇಂಗ್ಲಿಷ್ ಹೆಸರುಗಳನ್ನು ಬರೆದು, ಕೋಲು ಕೊಟ್ಟು, ಒಂದನ್ನು ಮುಟ್ಟು ಅಂದರು. ಅವನಿಗೆ ಓದಲು ಬಾರದು. ಮುಟ್ಟಿದ ಹೆಸರು ‘ಲೂಥರ್’. ಅವನೇ ಮುಂದೆ ಪ್ರಸಿದ್ಧನಾದ ಲೂಥರ್ ಸ್ಟ್ಯಾಂಡಿಂಗ್ ಬೇರ್.

ಆ ಶಾಲೆಯ ಜಾಹೀರಾತೇ ಈ ಫುಟ್‌ಬಾಲ್ ತಂಡ. ‘ನೋಡಿ, ಕಾಡಿನವರನ್ನು ಹೇಗೆ ತಿದ್ದಿದ್ದೇವೆ’ ಅಂತ ಊರೂರು ಮೆರೆಸಿದರು. ಅದನ್ನು ಸೇಡು ಅಂದರೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಜಯನಗರ_ಜಗ್ಗ
ಮೇಡಂ, ನಮ್ಮ ಸ್ಕೂಲಲ್ಲೂ ಕನ್ನಡ ಮಾತಾಡಿದ್ರೆ ದಂಡ ಹಾಕ್ತಿದ್ರು. ಎಲ್ಲಾ ಕಡೆ ಇದೇ.

ಮಲೆನಾಡ್_ಮೇಡಂ
ಸಂಜೆ ಬಸ್ ಹತ್ತಿ ಮನೆಗೆ ಹೋಗಿ ಅಮ್ಮನ ಹತ್ತಿರ ಕನ್ನಡದಲ್ಲೇ ದೂರು ಹೇಳುತ್ತಿದ್ದಿರಿ ತಾನೇ ಜಗ್ಗಣ್ಣ? ಆ ಮಕ್ಕಳನ್ನು ಮೂರು ವರ್ಷಕ್ಕೆ, ಐದು ವರ್ಷಕ್ಕೆ ಅಂತ ಬರೆಸಿಕೊಂಡು ಸಾವಿರಾರು ಮೈಲಿ ದೂರಕ್ಕೆ ಒಯ್ಯುತ್ತಿದ್ದರು. ಎಷ್ಟೋ ಮಕ್ಕಳು ಹಿಂದಿರುಗುವ ಹೊತ್ತಿಗೆ ತಾಯಿಯ ಜೊತೆ ಆಡಲು ಮಾತೇ ಉಳಿದಿರುತ್ತಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಜಯನಗರ_ಜಗ್ಗ
ಸರಿ ಮೇಡಂ.

ಹ್ಯಾರಿಸ್‌ಬರ್ಗ್_ಹೆಗಡೆ
ನಾನಿರೋದು ಕಾರ್ಲೈಲ್ ಹತ್ತಿರವೇ, ಕಾರಲ್ಲಿ ಅರ್ಧ ಗಂಟೆಯೂ ಬೇಡ. ಜಾಗ ಈಗಲೂ ಸೇನೆಯ ಕೈಯಲ್ಲೇ ಇದೆ, ಆರ್ಮಿ ವಾರ್ ಕಾಲೇಜು ಅಲ್ಲೇ. ಒಳಗೆ ಹೋಗೋಕೆ ಗೇಟಲ್ಲಿ ಗುರುತಿನ ಚೀಟಿ ತೋರಿಸಿ ಪಾಸು ಮಾಡಿಸ್ಬೇಕು. ಊರಿಂದ ಯಾರಾದ್ರೂ ಬಂದಾಗ ಕರ್ಕೊಂಡು ಹೋಗ್ತೀನಿ. ಮೈದಾನ ನೋಡೋ ಆಸೆಯಿಂದ ಬಂದೋರು ರಸ್ತೆ ಪಕ್ಕದ ಸ್ಮಶಾನದ ಹತ್ತಿರ ಮಾತು ನಿಲ್ಲಿಸಿಬಿಡ್ತಾರೆ. ಬಿಳಿ ಕಲ್ಲುಗಳ ಸಾಲು, 180ಕ್ಕೂ ಹೆಚ್ಚು ಮಕ್ಕಳನ್ನ ಅಲ್ಲಿ ಹೂತಿದ್ರು. ಹೆಚ್ಚಿನವರು ಕ್ಷಯ ಮತ್ತೆ ಬೇರೆ ಸೋಂಕುಗಳಿಂದ ಸತ್ತವರು. ಕೆಲವು ಕಲ್ಲಿನ ಮೇಲೆ ‘ಅಜ್ಞಾತ’ ಅಂತಷ್ಟೇ. 2017ರಿಂದ ಒಂದೊಂದಾಗಿ ಅವಶೇಷಗಳನ್ನ ಆಯಾ ಬುಡಕಟ್ಟಿನವರಿಗೆ ವಾಪಸ್ ಕೊಡ್ತಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಬೈಡನ್ ಆ ಹಳೇ ಶಾಲೆಯ ಜಾಗವನ್ನ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದ್ರು.

ಮೈದಾನವೂ ಇದೆ, ಇಂಡಿಯನ್ ಫೀಲ್ಡ್ ಅಂತ ಹೆಸರು.

ಹುಬ್ಬಳ್ಳಿ_ಹಾಫ್‌ಬ್ಯಾಕ್
ಮೇಡಂ ಅವರ ಮಾತು ಒಪ್ತೀನ್ರಿ, ಸಾಲಿ ಕೆಟ್ಟದ್ದ. ಆದ್ರ ಆಟಾ ಆಡಿದ ಹುಡುಗ್ರು ಬರೇ ಗೊಂಬಿ ಅಂದ್ರ ಅದು ಅವರಿಗೆ ಅವಮಾನ. ಫುಟ್‌ಬಾಲ್ ಬೇಕು ಅಂತ ಹಟಾ ಹಿಡದವರು ಅವರ!

1890ರ ಸುಮಾರಿಗೆ ಡಿಕಿನ್ಸನ್ ಜೋಡಿ ಆಡೂ ಮುಂದ ಒಬ್ಬ ಹುಡುಗನ ಕಾಲು ಮುರೀತು. ಪ್ರ್ಯಾಟ್ ಹೊರಗಿನವರ ಜೋಡಿ ಆಡೂದು ಬಂದ್ ಮಾಡಿದ. ಆಮ್ಯಾಲ ನಲವತ್ತರ ಹತ್ರ ಹುಡುಗ್ರು ಅವನ ಆಫೀಸಿಗೆ ಹೋಗಿ ನಿಂತ್ರು. ಅವರೊಳಗ ಚಲೋ ಮಾತಾಡೂ ಒಬ್ಬ ವಕೀಲ್ರಂಗ ವಾದಾ ಮಾಡಿದ. ಪ್ರ್ಯಾಟ್ ಎರಡು ಷರತ್ತು ಹಾಕಿದ: ಎದುರಿನವ ಹೊಡದ್ರೂ ನೀವು ತಿರುಗಿ ಹೊಡಿಬಾರ್ದು, ಮತ್ತ ಕೆಲವ ವರ್ಷದಾಗ ದೇಶದ ದೊಡ್ಡ ದೊಡ್ಡ ತಂಡಗಳನ್ನ ಸೋಲಿಸ್ಬೇಕು. ಹೂಂ ಅಂದ್ರು, ಮಾಡಿ ತೋರ್ಸಿದ್ರು. ಆರ್ಮಿ ಮ್ಯಾಚಿನ್ಯಾಗ ಕಾರ್ಲೈಲಿನ ಜೋ ಗಯಾನ್‌ಗೆ ಹೊಡದು ಹೊರಗ ಹೋದವ ಆರ್ಮಿ ಕಪ್ತಾನ ಡೆವೋರ್ ನೋಡ್ರಿ, ಕಾರ್ಲೈಲ್ ಹುಡುಗ ಅಲ್ಲ.

ಮಲೆನಾಡ್_ಮೇಡಂ
ಹುಡುಗರು ಗೊಂಬೆ ಅಂತ ನಾನೆಲ್ಲಿ ಅಂದೆ? ಅವರನ್ನು ಗೊಂಬೆ ಮಾಡಲು ಹೊರಟವರ ವಿಷಯ ಹೇಳಿದ್ದು. ಷರತ್ತನ್ನೇ ನೋಡಿ: ಪೆಟ್ಟು ತಿನ್ನಬೇಕು, ತಿರುಗಿಸಬಾರದು, ಮೇಲಾಗಿ ಗೆಲ್ಲಬೇಕು.

ಕುಂದಾಪ್ರ_ಮಾಣಿ
ಇದ್ ನಮ್ ಮೋಹನ್ ಬಗಾನ್ ಕಥಿ ಹಾಂಗೇ ಇತ್ತಲೆ. 1911 ಜುಲೈ 29, ಕಲ್ಕತ್ತಾದಗೆ ಬರಿಗಾಲಗೆ ಆಡಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ್ 2-1 ಸೋಲ್ಸಿದ್ದ್. ಅಲ್ಲೂ ಎದುರಿಗ್ ಸೇನೆ, ಇಲ್ಲೂ ಸೇನೆ. ಒಂದೇ ವರ್ಷ ಹೆಚ್ಚು ಕಮ್ಮಿ.

ಲೈಬ್ರರಿ_ಲಿಂಗರಾಜ
ಹೋಲಿಕೆ ಚೆನ್ನಾಗಿದೆ, ಒಂದು ವ್ಯತ್ಯಾಸದ ಜೊತೆ. ಮೋಹನ್ ಬಗಾನ್ ನಮ್ಮವರೇ ಕಟ್ಟಿದ ಕ್ಲಬ್. ಕಾರ್ಲೈಲನ್ನ ಕಟ್ಟಿದ್ದು ಎದುರು ಪಕ್ಷದವರು. (ಹನ್ನೊಂದೂ ಜನ ಬರಿಗಾಲಲ್ಲ, ರೆವರೆಂಡ್ ಸುಧೀರ್ ಚಟರ್ಜಿ ಬೂಟು ಹಾಕಿದ್ದರು.)

ಮೈಸೂರ್_ಪಾಕ್_ಪ್ರೇಮಿ
ಅಷ್ಟು ದೂರ ಕಲ್ಕತ್ತಾಕ್ಕೆ ಯಾಕೆ ಹೋಗ್ತೀರಿ, 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ಇಲ್ವಾ? ಅದುವರೆಗೆ ಬ್ರಿಟಿಷ್ ಪಲ್ಟನ್‌ಗಳದ್ದೇ ಕಾರುಬಾರು ಇದ್ದ ಕಪ್ಪು. 1938ರಲ್ಲೂ ಅವರೇ ಗೆದ್ರು. ನಮ್ಮೂರಿನವರಿಗೇ ಗೊತ್ತಿಲ್ಲ.

ನಿರ್ವಾಹಕ
ಬೆಂಗಳೂರು ಫುಟ್‌ಬಾಲ್‌ಗೆ ಪ್ರತ್ಯೇಕ ಎಳೆ ಇದೆ, ಅಲ್ಲಿ ಹೋಗಿ ಜಗಳ ಆಡಿ. ಇಲ್ಲಿ ಕಾರ್ಲೈಲ್.

ಯಲ್ಲಾಪುರ_ಎಕ್ಸ್‌ಪ್ರೆಸ್
ನಿರ್ವಾಹಕರೇ, ಒಂದು ವಿಷಯ ಹೇಳ್ತೆ, ಹೊರಗಿಂದು ಅನ್ಸಿದ್ರೂ ಬಿಡಿ. 1987ರಲ್ಲಿ ಕ್ರೀಡಾ ಪ್ರಾಧಿಕಾರ ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಕ್ಕಳನ್ನ ಓಟ, ಎಸೆತಕ್ಕೆ ಅಂತ ಆರಿಸಿ ಹಾಸ್ಟೆಲ್ಲಿಗೆ ಒಯ್ದಿತ್ತು. ಮೂಲ ಆಫ್ರಿಕಾ, ಹುಟ್ಟಾ ಓಟಗಾರರು ಅನ್ನೋ ಲೆಕ್ಕಾಚಾರ. ರಾಷ್ಟ್ರ ಮಟ್ಟದ ಪದಕ ಬಂತು, ಕೆಲವರಿಗೆ ಆಟದ ಮೇಲೆ ಸರ್ಕಾರಿ ಕೆಲಸವೂ ಸಿಕ್ತು. 1993ಕ್ಕೆ ಯೋಜನೆ ಮುಚ್ಚಿದ್ರು. ಅರ್ಧ ದಾರೀಲಿದ್ದ ಮಕ್ಕಳು ವಾಪಸ್ ಊರಿಗೆ, ಗದ್ದೆ ಕೆಲಸಕ್ಕೆ. ನಮ್ಮ ಪಕ್ಕದ ಕೇರಿಯ ಒಬ್ಬ ಅಣ್ಣ ಇನ್ನೂ ಶಾಲಾ ಕ್ರೀಡಾಕೂಟದ ದಿನ ಗೆರೆ ಹಾಕೋಕೆ ಬರ್ತಾನೆ. ಕೂದಲು ಕತ್ತರಿಸಲಿಲ್ಲ, ಹೆಸರು ಬದಲಿಸಲಿಲ್ಲ, ಕಾರ್ಲೈಲ್‌ಗೆ ಹೋಲಿಸ್ತಾ ಇಲ್ಲೆ. ಪದಕ ಬರೋವರೆಗೆ ಕರೆಯೋದು, ಆಮೇಲೆ ಮರೆಯೋದು, ಅದು ಮಾತ್ರ ಎಲ್ಲಾ ಕಡೆ ಒಂದೇ ಥರ ಕಾಣ್ತು.

ಪಿಟಿ_ಮೇಷ್ಟ್ರು
ತಮ್ಮಾ, ಹೊರಗಿಂದಲ್ಲ ಇದು. ಥೋರ್ಪ್‌ಗೆ ಆಗಿದ್ದೂ ಅದೇ.

1912ರ ಜುಲೈನಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್. ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಥೋರ್ಪ್‌ಗೆ ಚಿನ್ನ. ಊರಿಗೆ ಬಂದ ಮೇಲೆ ಈ 14 ಪಂದ್ಯ. ಎರಡೇ ತಿಂಗಳು ಕಳೆದು 1913ರ ಜನವರಿಯಲ್ಲಿ ವೂಸ್ಟರ್‌ನ ಪತ್ರಿಕೆಯೊಂದು, ಅವನು 1909-10ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಪುಡಿಗಾಸಿಗೆ ಬೇಸ್‌ಬಾಲ್ ಆಡಿದ್ದ ಅಂತ ಬರೀತು. ದುಡ್ಡು ತಗೊಂಡ ಅಂದ್ರೆ ಹವ್ಯಾಸಿ ಅಲ್ಲ, ಪದಕ ವಾಪಸ್! ರಜೆಯಲ್ಲಿ ಹಾಗೆ ಆಡ್ತಿದ್ದ ಕಾಲೇಜು ಹುಡುಗರು ಲೆಕ್ಕವಿಲ್ಲದಷ್ಟು, ಸುಳ್ಳು ಹೆಸರು ಕೊಟ್ಟು ಆಡ್ತಿದ್ದರು. ಇವನು ಸ್ವಂತ ಹೆಸರಲ್ಲೇ ಆಡಿದ್ದ. ದೂರು ಕೊಡೋಕೆ 30 ದಿನದ ಗಡುವು ಇತ್ತು, ಅದು ಯಾವಾಗಲೋ ಮುಗಿದಿತ್ತು. ಯಾರೂ ಕೇಳಲಿಲ್ಲ. ವಾರ್ನರ್ ಸಾಹೇಬರು ‘ನನಗೇನೂ ಗೊತ್ತಿರಲಿಲ್ಲ’ ಅಂದರು. ತನ್ನ ಹುಡುಗ ಎರಡು ಬೇಸಿಗೆ ಎಲ್ಲಿದ್ದ ಅಂತ ಕೋಚ್‌ಗೆ ಗೊತ್ತಿರಲ್ವಾ? ನಾನೂ ಹುಡುಗರನ್ನ ಪಳಗಿಸಿದವನು. ಯಾರು ಯಾವ ಊರ ಟೂರ್ನಮೆಂಟಲ್ಲಿ ಬೇರೆ ಹೆಸರಲ್ಲಿ ಆಡಿ ಬಂದ ಅಂತ ಸೋಮವಾರ ಬೆಳಗ್ಗೆ ಅವನು ನಡೆಯೋ ರೀತೀಲೇ ಗೊತ್ತಾಗ್ತಿತ್ತು.

ಬಸವನಗುಡಿ_ಬ್ಯಾಕ್‌ಬೆಂಚ್
ಪದಕ ಕೊನೆಗೂ ವಾಪಸ್ ಬಂತಲ್ವಾ ಮೇಷ್ಟ್ರೇ?

ಪಿಟಿ_ಮೇಷ್ಟ್ರು
ಬಂತು, ಅವನು ಹೋದ ಮೇಲೆ. ತೀರಿಕೊಂಡಿದ್ದು 1953ರಲ್ಲಿ. 1982ರಲ್ಲಿ ಒಲಿಂಪಿಕ್ ಸಮಿತಿ ಒಪ್ಪಿ, 1983ರ ಜನವರಿಯಲ್ಲಿ ಮಕ್ಕಳ ಕೈಗೆ ಪದಕದ ಪ್ರತಿಗಳನ್ನ ಕೊಟ್ಟರು. ಆಗಲೂ ‘ಜಂಟಿ ವಿಜೇತ’ ಅಂತಲೇ ಬರೆದರು. 2022ರ ಜುಲೈನಲ್ಲಿ ಒಬ್ಬನೇ ವಿಜೇತ ಅಂತ ದಾಖಲೆ ತಿದ್ದಿದರು.

ಲೈಬ್ರರಿ_ಲಿಂಗರಾಜ
ಅದೇ ಒಲಿಂಪಿಕ್ಸಿನಲ್ಲಿ 10,000 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದ ಲೂಯಿಸ್ ಟೆವಾನಿಮಾ ಕೂಡ ಕಾರ್ಲೈಲಿನವನು. ಹೋಪಿ ಬುಡಕಟ್ಟು. ಮಕ್ಕಳನ್ನ ಸರ್ಕಾರಿ ಶಾಲೆಗೆ ಕಳಿಸಲ್ಲ ಅಂತ ಎದುರು ನಿಂತವರ ಜೊತೆ ಸೈನ್ಯ ಅವನನ್ನೂ ಹಿಡಿದು 1907ರಲ್ಲಿ ಅಲ್ಲಿಗೆ ಕಳಿಸಿತ್ತು. ಆ ಓಟದಲ್ಲಿ ಅಮೆರಿಕನ್ ಒಬ್ಬ ಮತ್ತೆ ಪದಕ ಗೆದ್ದಿದ್ದು 1964ರಲ್ಲಿ, ಬಿಲ್ಲಿ ಮಿಲ್ಸ್. ಅವನೂ ಮೂಲನಿವಾಸಿಯೇ, ಲಕೋಟಾ ಬುಡಕಟ್ಟು.

ಹುಬ್ಬಳ್ಳಿ_ಹಾಫ್‌ಬ್ಯಾಕ್
ಅಂದ್ರ ಕೈದಿ ಅಂತ ತಂದವನ ಕೊರಳಾಗ ಅದ ದೇಶಕ್ಕ ಬೆಳ್ಳಿ. ಶಭಾಷ್.

ಸ್ಕೋರ್‌ಕಾರ್ಡ್_ಸೀನ
ದುಡ್ಡಿನ ಕಥೆ ಹೇಳ್ತೀನಿ ಅಂದು ಲಿಂಗರಾಜ ಸರ್ ತಪ್ಪಿಸ್ಕೊಂಡ್ರು.

ಲೈಬ್ರರಿ_ಲಿಂಗರಾಜ
ಬರ್ತಾ ಇದ್ದೆ ಮಾರಾಯಾ. 1912ರ ತಂಡದ ಕ್ವಾರ್ಟರ್‌ಬ್ಯಾಕ್, ಅಂದ್ರೆ ಮೈದಾನದಲ್ಲಿ ಆಟ ನಡೆಸೋನು, ಗಸ್ ವೆಲ್ಚ್ ಅಂತ, ಓಜಿಬ್ವೆ ಬುಡಕಟ್ಟಿನ ಹುಡುಗ. ಮೈದಾನದಲ್ಲಿ ತಲೆ ಓಡಿಸಿದವನು ಹೊರಗೂ ಓಡಿಸಿದ. ವಿದ್ಯಾರ್ಥಿಗಳ ಸಹಿ ಹಾಕಿಸಿ, ಶಾಲೆ ಬಗ್ಗೆ ತನಿಖೆ ಆಗಬೇಕು ಅಂತ ಅರ್ಜಿ ಕಳಿಸಿದರು. ಇನ್ನೂರಕ್ಕೂ ಹೆಚ್ಚು ಸಹಿ. 1914ರಲ್ಲಿ ಸಂಸತ್ತಿನ ಜಂಟಿ ಆಯೋಗ ಕಾರ್ಲೈಲಿಗೇ ಬಂದು ವಿಚಾರಣೆ ಮಾಡಿತು. ಆಗ ಹೊರಬಿದ್ದಿದ್ದು ಅಥ್ಲೆಟಿಕ್ ನಿಧಿಯ ಲೆಕ್ಕ: ಗೇಟ್ ಹಣ ಶಾಲೆಯ ಸರ್ಕಾರಿ ಲೆಕ್ಕಕ್ಕೆ ಸೇರದೆ ಬೇರೆಯೇ ಇತ್ತು, ಅದರ ಮೇಲೆ ವಾರ್ನರ್ ಹಿಡಿತ. ಅದರಲ್ಲಿ ಆಟಗಾರರಿಗೆ ನಗದು ಕೊಟ್ಟಿದ್ದಾರೆ, ರೈಲ್ವೆ ಬಾಂಡ್‌ಗಳಲ್ಲಿ ತೊಡಗಿಸಿದ್ದಾರೆ. ವಾರ್ನರ್ ಬಾಯಿ ಹೊಲಸು, ಹುಡುಗರ ಮೇಲೆ ಕೈ ಮಾಡ್ತಾರೆ ಅಂತ ಆಟಗಾರರೇ ಸಾಕ್ಷಿ ಹೇಳಿದರು. ಸೂಪರಿಂಟೆಂಡೆಂಟ್ ಫ್ರೀಡ್‌ಮನ್ ಹುದ್ದೆ ಕಳ್ಕೊಂಡ. ವಾರ್ನರ್ 1915ರಲ್ಲಿ ಪಿಟ್ಸ್‌ಬರ್ಗಿಗೆ ಹೋಗಿ ಅಲ್ಲೂ ಗೆದ್ದ, ಇವತ್ತಿಗೂ ಮಕ್ಕಳ ಲೀಗಿಗೆ ಅವನದೇ ಹೆಸರು. ಕಾರ್ಲೈಲ್ ಶಾಲೆ 1918ರಲ್ಲಿ ಮುಚ್ಚಿತು.

ಬ್ಯಾಕ್‌ಬೆಂಚ್ ಅವರೇ, ನನ್ನ ಪ್ರಕಾರ ವಿಡಿಯೋದ ದೊಡ್ಡ ತಪ್ಪು ಮೊಣಕಾಲಲ್ಲ. ಒಂದು ಮಧ್ಯಾಹ್ನದ 27-6 ಸಾಕು, ಲೆಕ್ಕ ಚುಕ್ತಾ ಆಯ್ತು ಅಂತ ತೋರಿಸ್ತಾರಲ್ಲ, ಅದು. ಅದೇ ಹುಡುಗರು ವರ್ಷದ ಮೇಲೆ ಪೆನ್ನು ಹಿಡಿದು ತಮ್ಮ ಕೋಚನ್ನೇ ಕಟಕಟೆಗೆ ತಂದಿದ್ದು ಯಾವ ವಿಡಿಯೋದಲ್ಲೂ ಬರಲ್ಲ.

ಮಲೆನಾಡ್_ಮೇಡಂ
ಹಾಂ, ಇದಕ್ಕೆ ನನ್ನ ಸಹಿಯೂ ಇರಲಿ.

ಹುಬ್ಬಳ್ಳಿ_ಹಾಫ್‌ಬ್ಯಾಕ್
ನಂದೂ. ಆದ್ರೂ ವೂಂಡೆಡ್ ನೀ ಆಗಿದ್ದು 1890ರ ಡಿಸೆಂಬರ್ 29, ಈ ಮ್ಯಾಚಿಗಿಂತ ಬರೇ 22 ವರ್ಷ ಹಿಂದ. ಮ್ಯಾಚ್ ಮುಂಚೆ ವಾರ್ನರ್ ‘ಇವರ ಅಪ್ಪಂದಿರು ನಿಮ್ಮ ಅಪ್ಪಂದಿರ ಜೋಡಿ ಕಾದ್ಯಾರ’ ಅಂತ ನೆನಪ ಮಾಡಿದ ಅಂತಾರಲ್ರಿ. ಹುಡುಗ್ರ ಮನಸಿನ್ಯಾಗ ಏನೂ ಇರಲಿಲ್ಲ ಅಂತ ಹೆಂಗ ಅನ್ನೂದು?

ಲೈಬ್ರರಿ_ಲಿಂಗರಾಜ
ಇರಲಿಲ್ಲ ಅಂತ ನಾನು ಅನ್ನಲ್ಲ. ಅದನ್ನ ಹುರಿದುಂಬಿಸೋಕೆ ಬಳಸಿಕೊಂಡವನು ಯಾರು ಅಂತ ನೋಡಿ ಅಂದೆ.

ಹ್ಯಾರಿಸ್‌ಬರ್ಗ್_ಹೆಗಡೆ
ಥೋರ್ಪ್ ಸತ್ತ ಮೇಲೂ ವ್ಯವಹಾರ ನಿಲ್ಲಲಿಲ್ಲ. ನಮ್ಮ ರಾಜ್ಯದಲ್ಲೇ ‘ಜಿಮ್ ಥೋರ್ಪ್’ ಅಂತ ಒಂದು ಊರಿದೆ. ಮೊದಲು ಮಾಕ್ ಚಂಕ್ ಅಂತಿತ್ತು. ಕಲ್ಲಿದ್ದಲು ವ್ಯಾಪಾರ ಬಿದ್ದು ಊರು ಸೊರಗಿತ್ತು. ಅವನ ಮೂರನೇ ಹೆಂಡತಿ ಒಪ್ಪಂದ ಮಾಡ್ಕೊಂಡು ಶವ ಅಲ್ಲಿಗೆ ಕೊಟ್ಟರು, ಊರಿನವರು ಹೆಸರು ಬದಲಿಸಿ ಸಮಾಧಿ ಕಟ್ಟಿದರು, ಪ್ರವಾಸಿಗರು ಬರ್ತಾರೆ ಅಂತ. ಅವನಿಗೂ ಆ ಊರಿಗೂ ಯಾವ ಸಂಬಂಧವೂ ಇರಲಿಲ್ಲ. ಒಕ್ಲಹೋಮಾದ ಸ್ವಂತ ನೆಲಕ್ಕೆ ಒಯ್ಯಬೇಕು ಅಂತ ಗಂಡುಮಕ್ಕಳು ಕೋರ್ಟಿಗೆ ಹೋದ್ರು. 2014ರಲ್ಲಿ ಮೇಲ್ಮನವಿ ಕೋರ್ಟ್ ಊರಿನ ಪರ ತೀರ್ಪು ಕೊಡ್ತು, 2015ರಲ್ಲಿ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ. ಶರತ್ಕಾಲದಲ್ಲಿ ಎಲೆ ಬಣ್ಣ ನೋಡೋಕೆ ನಮ್ಮ ಕನ್ನಡಿಗರೇ ಕಾರು ತುಂಬ್ಕೊಂಡು ಹೋಗ್ತಾರೆ. ಸಮಾಧಿ ಊರ ಹೊರಗಿದೆ, ನಿಲ್ಲಿಸೋರು ಕಮ್ಮಿ.

ಜಯನಗರ_ಜಗ್ಗ
ಅಕ್ಟೋಬರ್‌ನಲ್ಲಿ ಹೋಗಿದ್ದೆ! ರೈಲು ಹತ್ತಿ, ಫೋಟೋ ತೆಗೆಸ್ಕೊಂಡು ಬಂದೆ. ಊರಿನ ಹೆಸರು ಯಾಕೆ ಹಾಗಿದೆ ಅಂತ ಯಾರೂ ಹೇಳಲಿಲ್ಲ.

ಸ್ಕೋರ್‌ಕಾರ್ಡ್_ಸೀನ
ಉಳಿದವರದ್ದೂ ಒಂದು ಸಾಲು: ಜೋ ಗಯಾನ್ ಮುಂದೆ ಜಾರ್ಜಿಯಾ ಟೆಕ್ ಸೇರಿ 1917ರಲ್ಲಿ ರಾಷ್ಟ್ರೀಯ ಚಾಂಪಿಯನ್ ತಂಡದಲ್ಲಿ ಆಡಿದ. ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್‌ನಲ್ಲೂ ಇದ್ದಾನೆ. ಗಸ್ ವೆಲ್ಚ್ ವಕೀಲಿಕೆ ಓದಿ, ಕೋಚ್ ಆದ. 1920ರಲ್ಲಿ ಈಗಿನ ಎನ್‌ಎಫ್‌ಎಲ್‌ನ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಮೂಲ ಸಂಘ ಶುರುವಾದಾಗ ಅದರ ಮೊದಲ ಅಧ್ಯಕ್ಷ ಥೋರ್ಪ್.

ನಂಬರ್ ಒನ್ ಮಾತ್ರ ಹಾರ್ವರ್ಡ್.

ಹುಬ್ಬಳ್ಳಿ_ಹಾಫ್‌ಬ್ಯಾಕ್
ಮತ್ತ ಶುರು ಮಾಡಿದ್ಯಾ ತಮ್ಮಾ.

ಮೈಸೂರ್_ಪಾಕ್_ಪ್ರೇಮಿ
ಜಾರ್ಜಿಯಾ ಟೆಕ್ ಅಂದ ತಕ್ಷಣ ನೆನಪಾಯ್ತು, 222-0 ಅಂತ ಒಂದು ಸ್ಕೋರ್ ಕೇಳಿದ್ದೆ. ಅದು ಅವರದ್ದೇನಾ? ಕ್ರಿಕೆಟ್ ಸ್ಕೋರ್ ಇರಬೇಕು ಅಂದ್ಕೊಂಡಿದ್ದೆ.

ಸ್ಕೋರ್‌ಕಾರ್ಡ್_ಸೀನ
ಅವರದ್ದೇ. 1916ರ ಅಕ್ಟೋಬರ್ 7, ಎದುರಾಳಿ ಕಂಬರ್‌ಲ್ಯಾಂಡ್ ಕಾಲೇಜು. ಅವರು ಫುಟ್‌ಬಾಲ್ ತಂಡವನ್ನೇ ಮುಚ್ಚಿದ್ದರು. ಬರದಿದ್ರೆ 3,000 ಡಾಲರ್ ದಂಡ ಅಂತ ಒಪ್ಪಂದ ಇತ್ತು, ಅದಕ್ಕೆ ಸಿಕ್ಕಿದ ಹುಡುಗರನ್ನ ರೈಲು ಹತ್ತಿಸ್ಕೊಂಡು ಬಂದ್ರು. ಟೆಕ್ ಕೋಚ್ ಜಾನ್ ಹೈಸ್‌ಮನ್‌ಗೆ ಹಳೇ ಸಿಟ್ಟು ಬೇರೆ: ಅದೇ ವರ್ಷ ಬೇಸ್‌ಬಾಲಲ್ಲಿ ಕಂಬರ್‌ಲ್ಯಾಂಡ್ 22-0 ಸೋಲಿಸಿತ್ತು, ದುಡ್ಡು ಕೊಟ್ಟು ವೃತ್ತಿಪರರನ್ನ ಆಡಿಸಿದ್ರು ಅಂತ ದೂರು.

ಕುಂದಾಪ್ರ_ಮಾಣಿ
ಹೋಯ್, ಇದಕ್ ಬೇರೆ ಎಳೆ ಶುರು ಮಾಡಿ ಮಾರಾಯ್ರೆ, ಊಟ ಮಾಡ್ಕಂಡ್ ಬತ್ತೆ.